ಬೆಳೆ ಕಾಯುವುದು

ಕನ್ನಡದಲ್ಲಿ ‘ಕಾಯು’ ಎಂಬ ಮಾತಿಗೆ ರಕ್ಷಿಸು ಎಂಬ ಅರ್ಥವೂ ಉಂಟು. ನಿರೀಕ್ಷಿಸು ಎಂಬ ಅರ್ಥವೂ ಉಂಟು. ದನ ಕಾಯುವವನು ರಕ್ಷಿಸುತ್ತಾನೆ, ಮಳೆಗಾಗಿ ಕಾಯುವವನು ನಿರೀಕ್ಷಿಸುತ್ತಾನೆ. ಹೊರನೋಟಕ್ಕೆ ಈ ಎರಡು ಅರ್ಥಗಳಿಗೂ ಸಂಬಂಧವಿಲ್ಲವೆಂದು ತೋರಬಹುದು. ಆದರೆ ಹೊಲದಲ್ಲಿ ದುಡಿಯುವವನಿಗೆ ಇವೆರಡೂ ಒಂದೇ ಕೆಲಸದ ಎರಡು ಮುಖಗಳು. ಬೆಳೆಯನ್ನು ರಕ್ಷಿಸಬೇಕಾದರೆ ಎಷ್ಟೋ ಸಲ ನಿರೀಕ್ಷಿಸಬೇಕಾಗುತ್ತದೆ. ಆತುರದಿಂದ ಮಾಡಿದ ರಕ್ಷಣೆಯೇ ಬೆಳೆಗೆ ಮುಳುವಾಗುವುದೂ ಉಂಟು. ಈ ಮಾತಿನ ಸತ್ಯವನ್ನು ಹತ್ತಿಯ ಎಳೆಯ ಪೈರಿಗಿಂತ ಚೆನ್ನಾಗಿ ತಿಳಿಸಿಕೊಡುವ ಬೆಳೆ ಮತ್ತೊಂದಿರಲಾರದು.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳು ಒಂದೇ ಜಿಲ್ಲೆಯವಾದರೂ ಒಂದೇ ಬಗೆಯವಲ್ಲ. ಚನ್ನಗಿರಿಯ ಸೀಮೆಗೆ ಸೂಳೆಕೆರೆಯ ನೀರಿನ ಆಸರೆಯುಂಟು; ಅಲ್ಲಿ ಅಡಕೆಯ ತೋಟಗಳು ಹಬ್ಬಿವೆ. ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ ಹರಿಯುತ್ತಾಳೆ. ನ್ಯಾಮತಿ ಮೊದಲು ಹೊನ್ನಾಳಿ ತಾಲ್ಲೂಕಿನ ಭಾಗವಾಗಿದ್ದು, ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಜಗಳೂರಾದರೋ ಮುಗಿಲನ್ನೇ ನಂಬಿದ ಬರದ ಸೀಮೆ. 1997ರಲ್ಲಿ ದಾವಣಗೆರೆ ಜಿಲ್ಲೆಯ ರಚನೆಯಾಗುವ ಮುನ್ನ ಜಗಳೂರು ಚಿತ್ರದುರ್ಗ ಜಿಲ್ಲೆಗೂ, ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಸೇರಿದ್ದವು. ಮಳೆಯನ್ನು ನೆಚ್ಚಿದ ಹೊಲಗಳನ್ನು ಇಂದು ಬಹುಮಟ್ಟಿಗೆ ಮೆಕ್ಕೆಜೋಳ ಆವರಿಸಿದೆ. ಆದರೂ ಈ ಸೀಮೆಗೆ ಹತ್ತಿಯೊಡನೆ ಹಳೆಯ ನಂಟು. ದಾವಣಗೆರೆ ಪಟ್ಟಣವು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆಸಿಕೊಂಡುದು ಹತ್ತಿಯ ಗಿರಣಿಗಳಿಂದಲೇ. ಆ ಗಿರಣಿಗಳಲ್ಲಿ ಹೆಚ್ಚಿನವು ಮುಚ್ಚಿಹೋದವು. ಹತ್ತಿಯ ಬೆಳೆ ಮಾತ್ರ ಈ ಸೀಮೆಯಿಂದ ಅಳಿದುಹೋಗಿಲ್ಲ.

ಮುಂಗಾರಿನ ಮಳೆ ಬಿದ್ದು ಭೂಮಿ ಹದವಾದೊಡನೆ ರೈತನು ಹತ್ತಿಯ ಬೀಜವನ್ನು ಊರುತ್ತಾನೆ. ವಾರದೊಳಗೆ ಎರಡು ದಪ್ಪ ಬೀಜದೆಲೆಗಳು ಮಣ್ಣನ್ನು ಸೀಳಿಕೊಂಡು ಮೇಲೇಳುತ್ತವೆ. ಅಲ್ಲಿಂದ ಮುಂದೆ ಸುಮಾರು ಅರವತ್ತು ದಿನಗಳು ಆ ಗಿಡದ ಬಾಲ್ಯ. ಬೇರು ಇಳಿಯುವುದು, ಕಾಂಡ ಬಲಿಯುವುದು, ಕೊಂಬೆ ಒಡೆಯುವುದು, ಮೊದಲ ಮೊಗ್ಗು ಕಾಣಿಸುವುದು, ಎಲ್ಲವೂ ಈ ಅವಧಿಯಲ್ಲಿಯೇ. ಎಳೆಯ ಎಲೆಯ ರಸ ಕೆಲವು ಸಣ್ಣ ಕೀಟಗಳಿಗೆ ಬಲು ಪ್ರಿಯ. ಇವು ಎಲೆಯನ್ನು ಕಡಿದು ತಿನ್ನುವುದಿಲ್ಲ. ಎಲೆಯ ಹಿಂಬದಿಯಲ್ಲಿ ಅಡಗಿ ರಸವನ್ನು ಹೀರುತ್ತವೆ. ಆದುದರಿಂದಲೇ ಇವಕ್ಕೆ ‘ರಸ ಹೀರುವ ಕೀಟಗಳು’ ಎಂಬ ಹೆಸರು. ದಾರಿಯಲ್ಲಿ ನಿಂತು ಹೊಲವನ್ನು ನೋಡುವವನಿಗೆ ಇವು ಕಾಣುವುದೇ ಇಲ್ಲ. ಎಲೆಯನ್ನು ತಿರುವಿ ನೋಡಿದವನಿಗೆ ಮಾತ್ರ ಇವುಗಳ ಲೋಕ ತೆರೆದುಕೊಳ್ಳುತ್ತದೆ.

ಈ ಕೀಟಗಳಲ್ಲಿ ನಾಲ್ಕು ಮುಖ್ಯವಾದುವು. ಮೊದಲನೆಯದು ಸಸ್ಯಹೇನು. ಇದು ಎಳೆಯ ಕುಡಿಯಲ್ಲಿಯೂ ಎಲೆಯ ಅಡಿಯಲ್ಲಿಯೂ ಗುಂಪುಗುಂಪಾಗಿ ಕುಳಿತಿರುತ್ತದೆ. ಇದರ ಹೆಣ್ಣು ಗಂಡಿನ ಕೂಟವಿಲ್ಲದೆಯೇ ಮರಿಗಳನ್ನು ಹಾಕಬಲ್ಲದು. ಆ ಮರಿಗಳು ಸುಮಾರು ಒಂದು ವಾರದಲ್ಲಿ ಬೆಳೆದು ತಾವೂ ಮರಿ ಹಾಕತೊಡಗುತ್ತವೆ. ಹೇನು ವಿಸರ್ಜಿಸುವ ಸಿಹಿಯಾದ ಅಂಟನ್ನು ಅರಸಿ ಇರುವೆಗಳು ಬರುತ್ತವೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಎರಡನೆಯದು ಹಸಿರು ಜಿಗಿಹುಳು. ಎಲೆಯನ್ನು ಮುಟ್ಟಿದೊಡನೆ ಓರೆಯಾಗಿ ಸರಿದು ಜಿಗಿಯುವ ಈ ಹುಳು ತನ್ನ ಮೊಟ್ಟೆಗಳನ್ನು ಎಲೆಯ ನರಗಳ ಒಳಗೆ ಇಡುತ್ತದೆ. ಇದು ರಸ ಹೀರಿದ ಎಲೆಯ ಅಂಚು ಮೊದಲು ಹಳದಿಯಾಗಿ, ಕೆಳಮುಖವಾಗಿ ಮುದುಡಿ, ಅನಂತರ ಕೆಂಪೇರಿ ಸುಟ್ಟಂತಾಗುತ್ತದೆ. ಮೂರನೆಯದು ಥ್ರಿಪ್ಸ್ ಎಂಬ ನುಸಿ. ಕೂದಲೆಳೆಯಂತಹ ಈ ಕೀಟ ಎಲೆಯ ಮೈಯನ್ನು ಕೆರೆದು ರಸವನ್ನು ಕುಡಿಯುವುದರಿಂದ ಎಲೆಯ ಅಡಿಭಾಗ ಬೆಳ್ಳಿಯಂತೆ ಹೊಳೆಯುತ್ತದೆ. ಅಂಚು ಮೇಲ್ಮುಖವಾಗಿ ಮಡಚಿಕೊಳ್ಳುತ್ತದೆ. ಮಳೆ ಕೈಕೊಟ್ಟು ಒಣಹವೆ ಹಿಡಿದಾಗ ಇದರ ಹಾವಳಿ ಹೆಚ್ಚು. ಒಂದು ಬಿರುಸಾದ ಮಳೆ ಬಿದ್ದರೆ ನುಸಿಯೂ ಹೇನೂ ಬಹುಪಾಲು ತೊಳೆದುಹೋಗುತ್ತವೆ. ನಾಲ್ಕನೆಯದು ಬಿಳಿನೊಣ. ಗಿಡವನ್ನು ಅಲುಗಿಸಿದರೆ ಬೂದಿ ಹಾರಿದಂತೆ ಇದು ಮೇಲೇಳುತ್ತದೆ.

ಎಲೆಯ ಅಂಚು ಮುದುಡಿದುದನ್ನು ಕಂಡ ರೈತನ ಎದೆ ಝಲ್ಲೆನ್ನುವುದು ಸಹಜ. ಬೀಜಕ್ಕೆ, ಗೊಬ್ಬರಕ್ಕೆ, ಬೇಸಾಯಕ್ಕೆ ಅವನು ಈಗಾಗಲೇ ಸಾಲ ಮಾಡಿದ್ದಾನೆ. ಮಗಳ ಮದುವೆ, ಮಗನ ಓದು, ಹಳೆಯ ಬಾಕಿ, ಎಲ್ಲವೂ ಆ ಪೈರಿನ ಮೇಲೆಯೇ ನಿಂತಿವೆ. ಪಕ್ಕದ ಹೊಲದವನು ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಸಿಂಪಡಿಸುತ್ತಿದ್ದರೆ, ತಾನು ಸುಮ್ಮನಿರುವುದು ತಪ್ಪೆಂದು ಅವನಿಗೆ ತೋರುತ್ತದೆ. ನಾಲ್ಕು ಹುಳು ಕಂಡೊಡನೆ ಅಂಗಡಿಗೆ ಓಡುತ್ತಾನೆ; ಕೊಟ್ಟ ಡಬ್ಬಿಯನ್ನು ತರುತ್ತಾನೆ; ಒಂದರ ಬದಲು ಎರಡನ್ನು ಬೆರಸಿ ಹೊಡೆಯುತ್ತಾನೆ. ಇದನ್ನು ಅಜ್ಞಾನವೆಂದು ಹಳಿಯುವುದು ಸುಲಭ. ಆದರೆ ಇದರ ಮೂಲ ಅಜ್ಞಾನಕ್ಕಿಂತ ಹೆಚ್ಚಾಗಿ ಭಯ. ಒಂದು ಬೆಳೆ ಕೈತಪ್ಪಿದರೆ ಮುಂದಿನ ವರ್ಷವನ್ನು ಎದುರಿಸುವ ಶಕ್ತಿ ಇಲ್ಲದವನಿಗೆ ತಾಳ್ಮೆಯನ್ನು ಬೋಧಿಸುವವರು ಮೊದಲು ಅವನ ಭಯವನ್ನು ಅರಿಯಬೇಕು.

ಭಯವನ್ನು ಅರಿತ ಮೇಲೆ ವಸ್ತುಸ್ಥಿತಿಯನ್ನೂ ಅರಿಯಬೇಕು. ಈಚೆಗೆ ಮಾರಾಟವಾಗುವ ಹೈಬ್ರಿಡ್ ಹತ್ತಿಯ ಬೀಜಗಳಿಗೆ ಸಾಮಾನ್ಯವಾಗಿ ಇಮಿಡಾಕ್ಲೋಪ್ರಿಡ್‌ನಂತಹ ಕೀಟನಾಶಕವನ್ನು ಮೊದಲೇ ಲೇಪಿಸಿರುತ್ತಾರೆ. ಬೀಜ ಮೊಳೆತಾಗ ಆ ಲೇಪದ ಅಂಶ ಬೇರಿನ ಮೂಲಕ ಎಲೆಗೆ ಏರಿ, ಸುಮಾರು ಒಂದು ತಿಂಗಳ ಕಾಲ ರಸ ಹೀರುವ ಕೀಟಗಳಿಂದ ಸಸಿಯನ್ನು ಕಾಪಾಡುತ್ತದೆ. ಅಂದಮೇಲೆ ಮೊದಲ ವಾರಗಳಲ್ಲಿ ಮಾಡುವ ಸಿಂಪರಣೆ ಬಹುತೇಕ ವ್ಯರ್ಥ. ವ್ಯರ್ಥವಾದ ವೆಚ್ಚವಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಆದರೆ ಅದರಿಂದ ಬೇರೊಂದು ಕೇಡೂ ಉಂಟಾಗುತ್ತದೆ.

ಎಲೆಯ ಹಿಂಬದಿಯಲ್ಲಿ ವಾಸಿಸುವವರೆಲ್ಲ ಬೆಳೆಯ ವೈರಿಗಳಲ್ಲ. ಕೆಂಪು ಬೆನ್ನಿನ ಮೇಲೆ ಕಪ್ಪು ಗುರುತುಗಳುಳ್ಳ ಗುಲಗಂಜಿ ಹುಳು ಅಲ್ಲಿ ತಿರುಗಾಡುತ್ತಿರುತ್ತದೆ. ಅದೂ ಅದರ ಮರಿಗಳೂ ಹೇನನ್ನೇ ತಿಂದು ಬದುಕುತ್ತವೆ. ಹಸಿರು ಬಣ್ಣದ, ಜಾಲರಿಯಂತಹ ರೆಕ್ಕೆಗಳುಳ್ಳ ಕ್ರೈಸೋಪ ಎಂಬ ಕೀಟದ ಮರಿಯಂತೂ ಹೇನುಗಳ ಪಾಲಿಗೆ ಸಿಂಹವೇ ಸರಿ. ಜೇಡವು ಜಿಗಿಹುಳುವನ್ನು ಹಿಡಿಯುತ್ತದೆ. ಸಣ್ಣ ಕಣಜಗಳು ಹೇನಿನ ದೇಹದೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುತ್ತವೆ. ಇವರೆಲ್ಲ ಕೂಲಿ ಬೇಡದ ಕಾವಲುಗಾರರು. ಆದರೆ ಇವರು ಬರುವುದು ಆಹಾರವಿದ್ದ ಮೇಲೆ. ಮೊದಲು ಹೇನು, ಅದರ ಹಿಂದೆ ಗುಲಗಂಜಿ ಹುಳು. ನಡುವಣ ಆ ಕೆಲವು ದಿನಗಳ ಅಂತರವನ್ನು ರೈತನು ಸಹಿಸದೆ ಹೋದರೆ, ವಿಷವು ಕಳ್ಳನನ್ನೂ ಕಾವಲುಗಾರನನ್ನೂ ಒಟ್ಟಿಗೆ ಕೊಲ್ಲುತ್ತದೆ. ಕಳ್ಳನ ಸಂತತಿಯಾದರೋ ವಾರದಲ್ಲಿ ಮತ್ತೆ ಬೆಳೆಯುತ್ತದೆ. ಕಾವಲುಗಾರನ ಸಂತತಿಗೆ ಹೆಚ್ಚು ಕಾಲ ಬೇಕು. ವಿಷವನ್ನು ತಾಳಿ ಉಳಿದ ಕೀಟಗಳ ಮರಿಗಳು ಅದೇ ವಿಷಕ್ಕೆ ಜಗ್ಗದಂತಾಗುತ್ತವೆ. ಆಗ ಇನ್ನೊಂದು ಸಿಂಪರಣೆ, ಮತ್ತೊಂದು ಡಬ್ಬಿ, ಮಗದೊಂದು ಸಾಲ.

ಇದು ಕೇವಲ ಊಹೆಯ ಮಾತಲ್ಲ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಕನ್ಯೆಟೆ ಎಂಬ ಕಣಿವೆಯುಂಟು. ಅಲ್ಲಿಯ ಹತ್ತಿ ಬೆಳೆಗಾರರು 1949ರಿಂದ ಹೊಸ ರಾಸಾಯನಿಕ ಕೀಟನಾಶಕಗಳನ್ನು ಹೇರಳವಾಗಿ ಬಳಸತೊಡಗಿದರು. ಮೊದಲ ಕೆಲವು ವರ್ಷ ಇಳುವರಿ ಏರಿತು, ಎಲ್ಲರೂ ಹಿಗ್ಗಿದರು. ಅನಂತರ ಕೀಟಗಳು ವಿಷಕ್ಕೆ ಒಗ್ಗಿಕೊಂಡವು. ಹಿಂದೆ ಹೆಸರೇ ಇಲ್ಲದಿದ್ದ ಹುಳುಗಳೂ ತಮ್ಮ ಸ್ವಾಭಾವಿಕ ವೈರಿಗಳು ಇಲ್ಲವಾದುದರಿಂದ ಪಿಡುಗುಗಳಾಗಿ ಎದ್ದವು. 1956ರ ಹೊತ್ತಿಗೆ, ಸಿಂಪರಣೆಗಳ ಸಂಖ್ಯೆ ಏರುತ್ತಿದ್ದಂತೆಯೇ, ಇಳುವರಿ ಸುಮಾರು ಅರ್ಧಕ್ಕೆ ಕುಸಿಯಿತು. ಕೊನೆಗೆ ಬೆಳೆಗಾರರು ತಾವೇ ಕಟ್ಟುಪಾಡುಗಳನ್ನು ಮಾಡಿಕೊಂಡು, ಪರೋಪಕಾರಿ ಕೀಟಗಳನ್ನು ಮರಳಿ ಹೊಲಕ್ಕೆ ತಂದರು. ಆ ಮೇಲೆ ಕಣಿವೆ ಚೇತರಿಸಿಕೊಂಡಿತು. ಭಾರತದಲ್ಲಿಯೇ 2015ರಲ್ಲಿ ಪಂಜಾಬಿನ ಹತ್ತಿಯ ಬೆಳೆಯನ್ನು ಬಿಳಿನೊಣ ಹಾಳುಗೆಡಹಿತು. ಮೇಲಿಂದ ಮೇಲೆ ಮಾಡಿದ ಸಿಂಪರಣೆಗಳಿಂದಲೂ ಅದನ್ನು ತಡೆಯಲಾಗಲಿಲ್ಲ. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡರಂತೆ ಎಂಬ ಗಾದೆ ಇಂತಹ ಸಂದರ್ಭಗಳಿಗೆಂದೇ ಹುಟ್ಟಿದಂತಿದೆ.

ಹಾಗಾದರೆ ಹುಳುವನ್ನು ಕಂಡೂ ಕೈಕಟ್ಟಿ ಕುಳಿತಿರಬೇಕೇ? ಎಲ್ಲಿಯವರೆಗೆ ಸಹಿಸಬೇಕು, ಎಲ್ಲಿ ಕೈಯೆತ್ತಬೇಕು? ಈ ಪ್ರಶ್ನೆಗೆ ಉತ್ತರವನ್ನು ರೂಪಿಸಿದವರು ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ನಾಲ್ವರು ಕೀಟವಿಜ್ಞಾನಿಗಳು: ಸ್ಟರ್ನ್, ಸ್ಮಿತ್, ವ್ಯಾನ್ ಡೆನ್ ಬಾಷ್ ಮತ್ತು ಹೇಗನ್. 1959ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ತಿರುಳು ಸರಳವಾದುದು. ಹೊಲದಲ್ಲಿ ಕೀಟವಿದೆ ಎಂಬುದಷ್ಟೇ ಸಿಂಪರಣೆಗೆ ಕಾರಣವಾಗಕೂಡದು. ಕೀಟದಿಂದಾಗುವ ನಷ್ಟವು ಅದನ್ನು ತಡೆಯುವ ವೆಚ್ಚವನ್ನು ಮೀರುವ ಸೂಚನೆ ಕಂಡಾಗ ಮಾತ್ರ ಕ್ರಮ ಕೈಗೊಳ್ಳಬೇಕು. ಆ ಎಲ್ಲೆಗೆ ‘ಆರ್ಥಿಕ ನಷ್ಟದ ಮಟ್ಟ’ವೆಂಬ ಹೆಸರು ಕನ್ನಡದಲ್ಲಿ ರೂಢಿಗೆ ಬಂದಿದೆ. ಹತ್ತಿಯಲ್ಲಿ ಜಿಗಿಹುಳುವಿಗೆ ಎಲೆಯೊಂದಕ್ಕೆ ಸರಾಸರಿ 2, ಹೇನು ಮತ್ತು ಥ್ರಿಪ್ಸ್ ನುಸಿಗೆ ಎಲೆಯೊಂದಕ್ಕೆ ಸರಾಸರಿ 10 ಎಂಬ ಲೆಕ್ಕವನ್ನು ಕೃಷಿ ವಿಜ್ಞಾನಿಗಳು ಸಾಮಾನ್ಯವಾಗಿ ಸೂಚಿಸುತ್ತಾರೆ.

ಈ ಲೆಕ್ಕಕ್ಕೆ ಯಾವ ಯಂತ್ರವೂ ಬೇಡ. ಬೆಳಗಿನ ತಂಪಿನಲ್ಲಿ ಜಿಗಿಹುಳು ಮಂದವಾಗಿರುತ್ತದೆ. ಆಗ ಹೊಲದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓರೆಯಾಗಿ ನಡೆಯುತ್ತ ಅಲ್ಲೊಂದು ಇಲ್ಲೊಂದರಂತೆ ಇಪ್ಪತ್ತು ಗಿಡಗಳನ್ನು ಆರಿಸಿಕೊಳ್ಳಬೇಕು. ಪ್ರತಿಯೊಂದು ಗಿಡದಲ್ಲಿಯೂ ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಎಲೆಗಳನ್ನು ಮೆಲ್ಲನೆ ತಿರುವಿ ಹುಳುಗಳನ್ನು ಎಣಿಸಬೇಕು. ಒಟ್ಟು ಎಲೆಗಳು 60. ಜಿಗಿಹುಳುಗಳು 84 ಸಿಕ್ಕಿದುವೆಂದು ಭಾವಿಸಿದರೆ ಸರಾಸರಿ 1.4, ಇನ್ನೂ ನಿರೀಕ್ಷಿಸಬಹುದು. 150 ಸಿಕ್ಕಿದರೆ ಸರಾಸರಿ 2.5, ಇನ್ನು ತಡಮಾಡಕೂಡದು. ಜೊತೆಗೆ ಗುಲಗಂಜಿ ಹುಳುಗಳೆಷ್ಟು, ಜೇಡಗಳೆಷ್ಟು ಎಂಬುದನ್ನೂ ಗುರುತು ಹಾಕಿಕೊಳ್ಳಬೇಕು. ವಾರಕ್ಕೊಮ್ಮೆ ಹೀಗೆ ಎಣಿಸಿದರೆ ಭಯದ ಸ್ಥಾನದಲ್ಲಿ ತಿಳಿವಳಿಕೆ ಬಂದು ಕೂರುತ್ತದೆ. ಶಾಲೆಯಲ್ಲಿ ಸರಾಸರಿಯ ಲೆಕ್ಕವನ್ನು ಕಲಿತ ಯಾವ ಹುಡುಗನಾದರೂ ಹುಡುಗಿಯಾದರೂ ಈ ಕೆಲಸವನ್ನು ಮಾಡಬಲ್ಲರು.

ಗಿಡವೂ ತನ್ನನ್ನು ತಾನು ಕಾಯ್ದುಕೊಳ್ಳಬಲ್ಲದು ಎಂಬುದು ಹಲವರಿಗೆ ತಿಳಿದಿಲ್ಲ. ದಕ್ಷಿಣ ಆಫ್ರಿಕದಲ್ಲಿ ಜಿಗಿಹುಳುವಿನ ಕಾಟದಿಂದ ಹತ್ತಿಯ ಬೇಸಾಯವೇ ನಿಲ್ಲುವಂತಾಗಿದ್ದಾಗ, 1920ರ ದಶಕದಲ್ಲಿ ಪಾರ್ನೆಲ್ ಎಂಬ ವಿಜ್ಞಾನಿ ಬಾರ್ಬರ್ಟನ್‌ನಲ್ಲಿ ಹುಳುವಿಗೆ ಸೋಲದ ಗಿಡಗಳನ್ನು ಆರಿಸಿ ‘ಯು-4’ ಎಂಬ ತಳಿಯನ್ನು ಬೆಳೆಸಿದನು. ಅದರ ಗುಟ್ಟು ಎಲೆಯ ಹಿಂಬದಿಯ ದಟ್ಟವಾದ ರೋಮಗಳಲ್ಲಿತ್ತು. ರೋಮಗಳ ಕಾಡಿನಲ್ಲಿ ಜಿಗಿಹುಳು ನಿಲ್ಲಲಾರದು, ಮೊಟ್ಟೆಯಿಡಲಾರದು. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಹಿಂದಿನಿಂದ ಬೆಳೆದುಬಂದ ‘ಜಯಧರ್’ ಎಂಬ ದೇಶಿ ಹತ್ತಿಯೂ ರಸ ಹೀರುವ ಕೀಟಗಳನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ.

1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿಯವರು ‘ವರಲಕ್ಷ್ಮಿ’ ಎಂಬ ಹೈಬ್ರಿಡ್ ಹತ್ತಿಯನ್ನು ಸೃಷ್ಟಿಸಿದರು. ಎರಡು ಬೇರೆ ಬೇರೆ ಪ್ರಭೇದಗಳ ಹತ್ತಿಗಳನ್ನು ಸಂಕರಗೊಳಿಸಿ ಪಡೆದ ಈ ತಳಿಯ ನೂಲು ಬಲು ನಯವಾದುದು. ಅದು ನಾಡಿಗೆ ಕೀರ್ತಿಯನ್ನೂ ರೈತರಿಗೆ ಹಣವನ್ನೂ ತಂದಿತು. ಆದರೆ ಈ ಬಗೆಯ ಉದ್ದನೆಳೆಯ ಸಂಕರ ತಳಿಗಳು ರಸ ಹೀರುವ ಕೀಟಗಳಿಗೆ ಬೇಗನೆ ಸೋಲುತ್ತವೆ. 2002ರಲ್ಲಿ ಭಾರತ ಸರ್ಕಾರವು ಬಿ.ಟಿ. ಹತ್ತಿಗೆ ಅನುಮತಿಯನ್ನು ನೀಡಿತು. ಮಣ್ಣಿನ ಒಂದು ಬ್ಯಾಕ್ಟೀರಿಯದ ಗುಣವನ್ನು ಪಡೆದ ಈ ಹತ್ತಿಯು ಕಾಯಿಕೊರಕ ಹುಳುವನ್ನು ಕೊಲ್ಲುತ್ತದೆ. ಹೇನನ್ನಾಗಲಿ ಜಿಗಿಹುಳುವನ್ನಾಗಲಿ ಕೊಲ್ಲುವುದಿಲ್ಲ. ‘ಬಿ.ಟಿ. ಬೀಜ ಬಿತ್ತಿದ ಮೇಲೆ ಯಾವ ಹುಳುವೂ ಬಾರದು’ ಎಂದು ನಂಬಿದವರು ಎಲೆ ಮುದುಡಿದಾಗ ಬೆರಗಾಗುವುದು ಇದರಿಂದಲೇ. ಬೀಜ ಎಷ್ಟೇ ಹೊಸದಾಗಿರಲಿ, ಎಲೆಯನ್ನು ತಿರುವಿ ನೋಡುವ ಕೆಲಸ ಮಾತ್ರ ತಪ್ಪಿದ್ದಲ್ಲ.

ನೋಡಿದ ಮೇಲೆ ಮಾಡಬೇಕಾದುದೂ ಉಂಟು. ಹೊಲದ ಅಂಚಿಗೆ ನಾಲ್ಕು ಸಾಲು ಮೆಕ್ಕೆಜೋಳವನ್ನೋ ಅಲಸಂದೆಯನ್ನೋ ಹಾಕಿದರೆ ಗುಲಗಂಜಿ ಹುಳುಗಳಿಗೆ ಅದು ನೆಲೆಯಾಗುತ್ತದೆ. ಬದುವಿನ ಮೇಲಣ ತುತ್ತಿಯಂತಹ ಕಳೆಗಳನ್ನು ಕಿತ್ತರೆ ಬಿಳಿನೊಣದ ಆಸರೆ ತಪ್ಪುತ್ತದೆ. ಯೂರಿಯ ಗೊಬ್ಬರವನ್ನು ಮಿತಿಮೀರಿ ಹಾಕಿದರೆ ಎಲೆಗಳು ರಸವತ್ತಾಗಿ ಕೀಟಗಳಿಗೆ ಔತಣವಾಗುತ್ತವೆ. ಆದುದರಿಂದ ಅದರಲ್ಲಿಯೂ ಹಿಡಿತ ಬೇಕು. ಹಳದಿ ಬಣ್ಣದ ಅಂಟುಹಲಗೆಗಳು ಬಿಳಿನೊಣವನ್ನೂ ರೆಕ್ಕೆ ಬಂದ ಹೇನನ್ನೂ ಸೆಳೆದು ಹಿಡಿಯುತ್ತವೆ. ಕೀಟದ ಸಂಖ್ಯೆ ಎಲ್ಲೆಯ ಸಮೀಪಕ್ಕೆ ಬಂದಾಗ ಮೊದಲು ನೆನಪಾಗಬೇಕಾದುದು ಬೇವು. ಐದು ಕಿಲೋಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ಇರುಳೆಲ್ಲ ನೀರಿನಲ್ಲಿ ನೆನೆಸಿ, ಸೋಸಿ, ಒಟ್ಟು ನೂರು ಲೀಟರು ಮಾಡಿ, ಸ್ವಲ್ಪ ಸಾಬೂನನ್ನು ಕರಗಿಸಿ ಸಂಜೆಯ ಹೊತ್ತು ಎಲೆಯ ಅಡಿಭಾಗಕ್ಕೆ ಬೀಳುವಂತೆ ಸಿಂಪಡಿಸಿದರೆ ಕೀಟಗಳ ಬೆಳವಣಿಗೆ ಕುಂಠಿತವಾಗುತ್ತದೆ. ಜಗಳೂರಿನಂತಹ ಒಣಸೀಮೆಯಲ್ಲಿಯೂ ಬೇವಿನ ಮರಕ್ಕೆ ಬರವಿಲ್ಲ. ಇಷ್ಟರಿಂದಲೂ ಹತೋಟಿಗೆ ಬಾರದಿದ್ದರೆ ಆಗ ರಾಸಾಯನಿಕವುಂಟು. ಆದರೆ ತಜ್ಞರು ಹೇಳಿದ ಒಂದನ್ನೇ, ಹೇಳಿದ ಪ್ರಮಾಣದಲ್ಲಿಯೇ ಬಳಸಬೇಕು. ಒಂದನ್ನೇ ಮತ್ತೆ ಮತ್ತೆ ಬಳಸಬಾರದು. ಸಲಹೆ ಕೇಳಲು ರೈತ ಸಂಪರ್ಕ ಕೇಂದ್ರಗಳಿವೆ, ಕೃಷಿ ವಿಜ್ಞಾನ ಕೇಂದ್ರವಿದೆ. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ ಕೃಷಿ ಸಂಶೋಧನಾ ಕೇಂದ್ರವೂ ಇದೆ.

ವಿಷದ ಡಬ್ಬಿಯನ್ನು ಮುಟ್ಟುವ ಮುನ್ನ ಅದರ ಮೇಲಿನ ಗುರುತನ್ನು ಓದುವುದು ಅಕ್ಷರ ಬಲ್ಲವರ ಮೊದಲ ಕರ್ತವ್ಯ. ವಜ್ರಾಕೃತಿಯ ಆ ಚಿಹ್ನೆಯ ಕೆಳಭಾಗ ಕೆಂಪಾಗಿದ್ದರೆ ಅದು ಅತ್ಯಂತ ಘೋರವಾದ ವಿಷ. ಹಳದಿಯಾಗಿದ್ದರೆ ತೀವ್ರ, ನೀಲಿಯಾಗಿದ್ದರೆ ಮಧ್ಯಮ, ಹಸಿರಾಗಿದ್ದರೆ ಅಲ್ಪ ಎಂದು ಅರ್ಥ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಯ ಹೊಲಗಳಿಗೆ ಕೀಟನಾಶಕವನ್ನು ಸಿಂಪಡಿಸುತ್ತಿದ್ದ ರೈತರೂ ಕೂಲಿಕಾರರೂ ನೂರಾರು ಸಂಖ್ಯೆಯಲ್ಲಿ ಅಸ್ವಸ್ಥರಾದರು. ಇಪ್ಪತ್ತು ಮಂದಿ ಇಲ್ಲವೆ ಅದಕ್ಕಿಂತ ಹೆಚ್ಚು ಜನ ಅಸುನೀಗಿದರು. ಆಳೆತ್ತರಕ್ಕೆ ಬೆಳೆದ ಗಿಡಗಳ ನಡುವೆ, ಮುಖಕ್ಕೆ ಮರೆಯಿಲ್ಲದೆ, ಕೈಗೆ ಕವಚವಿಲ್ಲದೆ ದುಡಿದವರು ಅವರು. ಬೆಳೆಯನ್ನು ಕಾಯಹೋದವರು ತಮ್ಮನ್ನೇ ಕಾಯ್ದುಕೊಳ್ಳಲಾರದೆ ಹೋದರು. ಒಂದು ಎಕರೆ ಹತ್ತಿಯ ಬೆಲೆಯನ್ನು ರೂಪಾಯಿಗಳಲ್ಲಿ ಹೇಳಬಹುದು. ಮನೆಯ ಯಜಮಾನನ ಉಸಿರಿಗೆ ಯಾವ ಪೇಟೆಯಲ್ಲಿ ಬೆಲೆ ಕಟ್ಟುತ್ತಾರೆ? ಅನಿವಾರ್ಯವಾಗಿ ಸಿಂಪಡಿಸಬೇಕಾದಾಗ ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿ ನಡೆಯುವುದು, ಮೂಗು ಬಾಯಿಗಳನ್ನು ಮುಚ್ಚಿಕೊಳ್ಳುವುದು, ಹೊಲದಲ್ಲಿ ಏನನ್ನೂ ತಿನ್ನದಿರುವುದು, ಮನೆಗೆ ಬಂದೊಡನೆ ಮಿಂದು ಬಟ್ಟೆಯನ್ನು ಬೇರೆಯಾಗಿ ಒಗೆಯುವುದು, ಇವು ಸಣ್ಣ ಮಾತುಗಳಲ್ಲ.

ತಾಳ್ಮೆಯನ್ನು ಸೋಮಾರಿತನವೆಂದು ತಪ್ಪು ತಿಳಿಯುವವರುಂಟು. ಸೋಮಾರಿಯಾದವನು ನೋಡದೆ ಕುಳಿತಿರುತ್ತಾನೆ. ಆತುರಗಾರನು ನೋಡದೆ ಓಡುತ್ತಾನೆ. ಇಬ್ಬರಲ್ಲಿಯೂ ಇಲ್ಲದಿರುವುದು ನೋಟ. ವಾರಕ್ಕೊಮ್ಮೆ ಅರವತ್ತು ಎಲೆಗಳನ್ನು ತಿರುವಿ, ಹುಳುಗಳನ್ನು ಎಣಿಸಿ, ‘ಈ ವಾರ ಬೇಡ’ ಎಂದು ನಿರ್ಧರಿಸಿ ಮನೆಗೆ ಮರಳುವ ರೈತನು ಏನನ್ನೂ ಮಾಡಿಲ್ಲವೆಂದು ನೆರೆಯವರಿಗೆ ತೋರಬಹುದು. ಆದರೆ ಅಂದು ಅವನು ಒಂದು ಡಬ್ಬಿಯ ಹಣವನ್ನು ಉಳಿಸಿದ್ದಾನೆ. ನೂರಾರು ಗುಲಗಂಜಿ ಹುಳುಗಳನ್ನು ಉಳಿಸಿದ್ದಾನೆ. ತನ್ನ ದೇಹವನ್ನು ಒಂದು ದಿನದ ವಿಷದಿಂದ ಉಳಿಸಿದ್ದಾನೆ. ಕಾಯುವುದು ಎಂಬ ಒಂದೇ ಮಾತಿನಲ್ಲಿ ನಮ್ಮ ಹಿರಿಯರು ರಕ್ಷಣೆಯನ್ನೂ ನಿರೀಕ್ಷಣೆಯನ್ನೂ ಕೂಡಿಸಿ ಇಟ್ಟುದು ಸುಮ್ಮನೆ ಅಲ್ಲ.